ಕಟ್ಟೆಯ ಮೇಲಿನ ಹೆಣಿಗೆ

ಏಪ್ರಿಲ್ ತಿಂಗಳ ಮಸ್ಕಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಕಟ್ಟೆಯ ಕಲ್ಲು ಕಾಯುತ್ತದೆ. ಬೇವಿನ ಮರದ ನೆರಳು ಬೀಳುವ ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಮರಿಸ್ವಾಮಿ ಉಣ್ಣೆಯ ಸ್ವೆಟರ್ ಹೆಣೆಯುತ್ತಿದ್ದರು. ಅಂಗೈಯಗಲದ ಸ್ವೆಟರು. ತೊಡುವವಳು ಬಟ್ಟೆಯ ಗೊಂಬೆ. ಹೆಣೆಯುವವರು ಮೂವತ್ತನಾಲ್ಕು ವರ್ಷ ಲಿಂಗಸುಗೂರು–ಸಿಂಧನೂರು ಬಸ್ಸು ಓಡಿಸಿ, ಒಬ್ಬರ ಕೋಳಿಯನ್ನೂ ಗಾಲಿಗೆ ಸಿಗಿಸದೆ ನಿವೃತ್ತರಾದ ಡ್ರೈವರು.

ಪೇಟೆಗೆ ಹೊರಟಿದ್ದ ಅಮರಗುಂಡಪ್ಪನವರು ನಿಂತರು. ಓಣಿಗೆ ಹಿರಿಯರು. ಮರಿಸ್ವಾಮಿಯ ಮಗ ಶಿವಕಾಂತನ ಗೊಬ್ಬರದ ಅಂಗಡಿ ಇರುವುದು ಇವರ ಮಳಿಗೆಯಲ್ಲೇ. ಆದ್ದರಿಂದ ಈ ಮನೆಯ ಮುಂದೆ ನಿಂತು ಏನು ಬೇಕಾದರೂ ಕೇಳಬಹುದು ಎಂದು ತಿಳಿದಿದ್ದರು.

"ಏನ್ರೀ ಸ್ವಾಮ್ಯಾರ, ಮಸ್ಕಿಯೊಳಗ ಹಿಮ ಬೀಳಾಕತ್ತೈತೇನು?"

"ಬಿದ್ದ ದಿನ ನಿಮಗೂ ಒಂದು ಹೆಣದು ಕೊಡ್ತೀನ್ರಿ. ಎದಿ ಅಳತಿ ಕೊಟ್ಟು ಹೋಗ್ರಿ."

ಅಮರಗುಂಡಪ್ಪನವರು ನಕ್ಕರು. ಆ ನಗೆ ಒಳಗೆ ಕೂದಲು ಬಾಚಿಕೊಳ್ಳುತ್ತಿದ್ದ ಶಿವಕಾಂತನ ಕಿವಿಗೆ ಬಿತ್ತು. ಅವರು ಮರೆಯಾದದ್ದೇ ತಡ, ಬಾಚಣಿಕೆ ಹಿಡಿದೇ ಹೊರಗೆ ಬಂದ.

"ಅಪ್ಪಾ, ಅದನ್ನ ಒಳಗ ಕುಂತು ಮಾಡು."

"ಒಳಗ ಬೆಳಕಿಲ್ಲ."

"ಲೈಟ್ ಹಾಕ್ಕೋ."

"ಹಗಲೊತ್ತು ಲೈಟ್ ಯಾಕಲೇ? ಸೂರ್ಯನ ಬೆಳಕು ಬಿಟ್ಟಿ ಐತಿ."

"ಮಂದಿ ನೋಡ್ತಾರ."

"ಮೂವತ್ನಾಕು ವರ್ಷ ಗ್ಲಾಸಿನ ಮುಂದ ಕುಂತು ಬಸ್ ಓಡಿಸೀನಿ. ಮಂದಿ ನೋಡೂದು ನನಗ ಹೊಸದಲ್ಲ."

ಬಾಚಣಿಕೆಯನ್ನು ಜೇಬಿಗೆ ತುರುಕಿಕೊಂಡು ಶಿವಕಾಂತ ಬೈಕು ಒದ್ದ. ಅದು ಮೂರನೆಯ ಒದೆತಕ್ಕೆ ಹೊತ್ತಿತು.

ಇದೆಲ್ಲ ಶುರುವಾದದ್ದು ಸೊಸೆ ಶೈಲಜಾಳಿಂದ. ಲಿಂಗಸುಗೂರಿನ ತವರಿನಲ್ಲಿದ್ದಾಗ ಒಂದು ತರಬೇತಿಗೆ ಹೋಗಿ ಅವಳು ಈ ಗೊಂಬೆ ಮಾಡುವುದನ್ನು ಕಲಿತಿದ್ದಳು. ವಾಲ್ಡಾರ್ಫ್ ಗೊಂಬೆ ಎಂದು ಅದರ ಹೆಸರು. ಓಣಿಯಲ್ಲಿ ಯಾರ ನಾಲಗೆಗೂ ಅದು ಹತ್ತದೆ 'ಉಣ್ಣಿ ಗೊಂಬಿ' ಆಯಿತು. ತೊಳೆದು ಹಿಂಜಿದ ಕುರಿಯ ಉಣ್ಣೆಯನ್ನು ಉಂಡೆ ಕಟ್ಟಿ, ಹೆಬ್ಬೆರಳು ಒತ್ತಿದರೂ ತಗ್ಗು ಬೀಳದಷ್ಟು ಬಿಗಿಯಾಗಿ ತಲೆ ಮಾಡಬೇಕು. ಕಣ್ಣಿನ ಸಾಲಿಗೆ ಗಟ್ಟಿ ದಾರ ಬಿಗಿದು, ಮೇಲೆ ಮೈಬಣ್ಣದ ಮೆತ್ತನೆಯ ಹತ್ತಿ ಬಟ್ಟೆ ಎಳೆದು ಹೊಲಿಯಬೇಕು. ಕಣ್ಣಿಗೆ ಎರಡು ಹೊಲಿಗೆ, ಬಾಯಿಗೆ ಒಂದು ಸಣ್ಣ ಗೆರೆ, ಅಷ್ಟೇ. ಗೊಂಬೆ ನಗಲೂಬಾರದು, ಅಳಲೂಬಾರದು. ಎತ್ತಿಕೊಂಡ ಮಗು ನಕ್ಕರೆ ಗೊಂಬೆಯೂ ನಕ್ಕಂತೆ, ಅತ್ತರೆ ಅತ್ತಂತೆ.

ಮೊದಲನೆಯದನ್ನು ಅವಳು ಮಗಳು ದಾನೇಶ್ವರಿಗೆ ಮಾಡಿಕೊಟ್ಟಿದ್ದಳು. ಲಿಂಗಸುಗೂರಿನ ಒಂದು ಮದುವೆಯಲ್ಲಿ ಆ ಹುಡುಗಿಯ ಕಂಕುಳಲ್ಲಿದ್ದ ಗೊಂಬೆಯನ್ನು ಸಿಂಧನೂರಿನ ಪದ್ಮಾವತಿ ಟೀಚರ್ ನೋಡಿದರು. ಜೂನ್ ತಿಂಗಳಿಗೆ ಅವರು ಪುಟ್ಟ ಮಕ್ಕಳ ಶಾಲೆಯೊಂದನ್ನು ತೆರೆಯುವವರಿದ್ದರು. ಅಲ್ಲಿ ಪ್ಲಾಸ್ಟಿಕ್ ಆಟಿಕೆ ಇರಕೂಡದು ಎಂದು ಅವರ ಹಟ. "ಹನ್ನೆರಡು ಗೊಂಬಿ ಮಾಡಿಕೊಡ್ರಿ. ನಗಬಾರ್ದು, ಅಳಬಾರ್ದು, ಮುಖದ ಮ್ಯಾಲ ಕಣ್ಣು ಬಾಯಿ ಬಿಟ್ರ ಏನೂ ಇರಬಾರ್ದು. ಎಲ್ಲಾಕೂ ಸ್ವೆಟರ್, ಟೊಪಗಿ, ಕಾಲುಚೀಲ ಇರ್ಲಿ. ಹಾಕಿ ಬಿಚ್ಚಿ ಮಾಡ್ತಾ ಮಾಡ್ತಾ ಮಕ್ಕಳು ತಾವೂ ಅಂಗಿ ಹಾಕ್ಕೊಳ್ಳೂದು ಕಲೀತಾವ" ಎಂದರು. ಶೈಲಜಾ ಹೂಂ ಎಂದುಬಿಟ್ಟಳು. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ.

ಮರಿಸ್ವಾಮಿ ಮೊದಲು ಮಾಡಿದ್ದು ಎರಡೂ ಕೈ ಮುಂದೆ ಚಾಚಿ ನೂಲಿನ ಲಡಿ ಹಿಡಿದುಕೊಳ್ಳುವ ಕೆಲಸ. ಸೊಸೆ ಉಂಡೆ ಸುತ್ತಿಕೊಳ್ಳುತ್ತಿದ್ದಳು. ಒಂದು ವಾರ ಹಿಡಿದು ಕೂತ ಮೇಲೆ, "ತಾ ಇಲ್ಲೆ ಆ ಕಡ್ಡಿ. ನೋಡೂಣು" ಎಂದರು. ಹತ್ತು ದಿನಕ್ಕೆ ನಾಲ್ಕು ಕಡ್ಡಿಗಳ ಮೇಲೆ ಕೊಳವೆಯಂತೆ ತೋಳು ಹೆಣೆಯತೊಡಗಿದರು. ಶೈಲಜಾ ತೋಳಿಗೆ ಒಂದು ದಿನ ತೆಗೆದುಕೊಂಡರೆ ಮಾವ ಎರಡು ತಾಸು. ಅವರ ಹೆಣಿಗೆ ಸೊಸೆಯದಕ್ಕಿಂತ ಒಪ್ಪವಾಗಿತ್ತು. ಅವಳು ಅದನ್ನು ಬಾಯಿಬಿಟ್ಟು ಹೇಳಿದಳು, ಅವರು ಕೇಳಿ ಹಿಗ್ಗಿದರು.

ಹಿಗ್ಗದವರು ಹೆಂಡತಿ ಶೇಖರಮ್ಮ. ಪಾಮನಕಲ್ಲೂರಿನ ಕುರುಬರಿಂದ ತಂದ ಹಸಿ ಉಣ್ಣೆಯನ್ನು ಅಂಟುವಾಳದ ನೀರಿನಲ್ಲಿ ನೆನೆ ಹಾಕಿದ ದಿನವೇ ಅವರು ಮೂಗಿಗೆ ಸೆರಗು ಹಿಡಿದರು.

"ಕುರಿ ಹಿಂಡು ಮನ್ಯಾಗ ಹೊಕ್ಕಂಗ ನಾರಾಕತ್ತೈತಿ. ಪೂಜಿ ಎಲ್ಲಿ ಮಾಡ್ಲಿ, ಅಡಿಗಿ ಎಲ್ಲಿ ಮಾಡ್ಲಿ?"

"ನಾಳಿ ಒಣಗಿದ ಮ್ಯಾಲ ವಾಸನಿ ಹೋಗತೈತ್ರಿ ಅತ್ತಿ" ಎಂದಳು ಶೈಲಜಾ.

"ನಾಳಿ ಇನ್ನೊಂದು ಬುಟ್ಟಿ ಬರ್ತೈತಿ. ನನಗ ಗೊತ್ತಿಲ್ಲೇನು?"

ವಾಸನೆ ಹೋಯಿತು, ಶೇಖರಮ್ಮನ ಸಿಟ್ಟು ಹೋಗಲಿಲ್ಲ. ಬೆಳಗಿನ ರೊಟ್ಟಿ ತಾವೇ ಬಡಿದರು, ಸೊಸೆಗೆ ಹೊಲಿಯಲು ಹೊತ್ತು ಸಿಗಲಿ ಎಂದು. ಬಡಿದಷ್ಟು ಹೊತ್ತೂ ಗೊಣಗಿದರು. ಒಂದು ಮಧ್ಯಾಹ್ನ ಗಂಡನ ತಾಟಿಗೆ ಪುಂಡಿಪಲ್ಯ ಹಾಕುವಾಗ ಒಳಗಿದ್ದದ್ದು ಹೊರಗೆ ಬಂತು.

"ನಲವತ್ತು ವರ್ಷ ಸಂಸಾರ ಮಾಡೀನಿ. ಒಂದು ದಿನ ಒಂದು ಚರಿಗಿ ನೀರು ತುಂಬಿಕೊಂಡಾವ್ರಲ್ಲ ನೀವು. ನನ್ನ ಕೂಸುಗಳ ತಲಿಗೆ ಒಂದು ಕುಂಚಗಿ ತರ್ಲಿಲ್ಲ, ಒಂದು ಸಲ ಕಾಲ ಮ್ಯಾಲ ಹಾಕ್ಕೊಂಡು ನೀರು ಹಾಕ್ಲಿಲ್ಲ. ಈಗ ಅರಿವಿ ಗೊಂಬಿಗೆ ಕಾಲುಚೀಲ!"

"ಆಗ ಡ್ಯೂಟಿ ಇತ್ತು."

"ನನಗ ಇದ್ದಿದ್ದಿಲ್ಲೇನು ಡ್ಯೂಟಿ?"

ಮರಿಸ್ವಾಮಿ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದರು. ಶೇಖರಮ್ಮ ಅಂದಿನಿಂದ ಗೊಂಬೆಗಳಿದ್ದ ಕೋಣೆಗೆ ಕಾಲಿಡಲಿಲ್ಲ.

ಮೇ ಮೊದಲ ವಾರದಲ್ಲಿ ಓಣಿಯ ಸಕೀನಾಬೀ ಒಂದು ಸೀಸೆ ಹಿಡಿದು ಬಂದಳು. ತಲೆ ಮೇಲಿನ ಸೆರಗು ಸರಿಮಾಡಿಕೊಂಡು, ಕಟ್ಟೆಯ ಮೇಲೆ ಸೀಸೆ ಇಟ್ಟಳು.

"ತಗೋರಿ ಅಣ್ಣಾರ. ನಮ್ಮ ಮಾಮೂಗ ಲಕ್ವ ಹೊಡದಾಗ ಇದ ಎಣ್ಣಿ ತಿಕ್ಕೀವಿ. ಭಾಳ ಫಾಯದಾ ಆತು. ದಿನಾ ಎರಡು ಹೊತ್ತು ತಿಕ್ಕಿಸ್ಕೋರಿ."

"ಯಾರಿಗವ್ವಾ ಲಕ್ವ?"

"ನಿಮ್ಮ ಕೈಗೆ ರೀ. ಡಾಕ್ಟರ್ ಹೇಳ್ಯಾರಂತ, ಕೈ ಆಡಿಸ್ಲಿಲ್ಲಂದ್ರ ಸೆಟೀತಾವ, ಅದಕ್ಕ ಹೆಣೀರಿ ಅಂತ. ಪ್ಯಾಟ್ಯಾಗ ಎಲ್ಲಾರೂ ಅಂತಾರ. ಪಾಪ, ಅಂತ ನಮಗೂ ಅನಿಸ್ತು."

ಮರಿಸ್ವಾಮಿಯ ಕಡ್ಡಿಗಳು ನಿಂತವು. ಎರಡು ದಿನದಿಂದ ದಾರಿಹೋಕರು ಏಕೆ ಅಷ್ಟು ಮೆತ್ತಗೆ ಮಾತಾಡಿಸುತ್ತಿದ್ದಾರೆ, ಅಮರಗುಂಡಪ್ಪನವರು ಏಕೆ ಗೇಲಿ ಬಿಟ್ಟು "ಹುಷಾರು ರೀ" ಎನ್ನುತ್ತಿದ್ದಾರೆ ಎಂಬುದು ಈಗ ತಿಳಿಯಿತು. ಸಕೀನಾಬೀಯ ಮನಸ್ಸು ನೋಯಬಾರದೆಂದು ಸೀಸೆ ಇಟ್ಟುಕೊಂಡರು. ಶಿವಕಾಂತ ಊಟಕ್ಕೆ ಬಂದಾಗ ಅದು ಅವನ ತಾಟಿನ ಪಕ್ಕದಲ್ಲಿತ್ತು.

"ಇದೇನಪ್ಪಾ?"

"ಲಕ್ವದ ಎಣ್ಣಿ. ನನಗ ಯಾವಾಗ ಹೊಡೀತು ಅಂತ ನೀ ಹೇಳಬೇಕು."

ಶಿವಕಾಂತ ಹೆಂಡತಿಯ ಮುಖ ನೋಡಿದ. ಅವಳು ಅವನಿಗೆ ಬಡಿಸುವುದನ್ನು ನಿಲ್ಲಿಸಿದ್ದಳು.

"ಮತ್ತೇನ್ ಹೇಳಬೇಕಿತ್ತು ನಾನು? ಅಮರಗುಂಡಪ್ಪನೋರು ಅಂಗಡ್ಯಾಗ ಹತ್ತು ಮಂದಿ ಮುಂದ, ನಿಮ್ಮಪ್ಪನ ತಲಿ ನೆಟ್ಟಗ ಐತೇನೋ ಅಂದ್ರು. ಡಾಕ್ಟರ್ ಹೇಳ್ಯಾರ್ರಿ ಅಂದ್ನಿ. ಬಾಯಿ ಮುಚ್ಚಿಕೊಂಡ್ರು. ನಿನ್ನ ಮಾನ ಉಳಿಸೀನಿ."

"ನನ್ನ ಮಾನ!" ಮರಿಸ್ವಾಮಿ ಎರಡೂ ಕೈ ಎತ್ತಿ ಮಗನ ಮುಖದ ಮುಂದೆ ಹಿಡಿದರು. "ಈ ಕೈ ನೋಡು. ಮಳ್ಯಾಗ, ಧೂಳಿನ್ಯಾಗ, ಅರವತ್ತು ಮಂದಿ ಜೀವ ಹಿಡಕೊಂಡು ಓಡಾಡಿದ ಕೈ ಇದು. ಇದಕ್ಕ ರೋಗ ಹಚ್ಚಿ ಬಂದೀಯಲ್ಲಲೇ? ಪಾಮನಕಲ್ಲೂರಿನ ಕುರುಬ ಕುರಿ ಹಿಂದ ನಡಕೋಂತ ದಿನಾ ನೂಲು ತಗೀತಾನ. ಅವಗ ಯಾವ ಡಾಕ್ಟರ್ ಹೇಳ್ಯಾನ?"

"ಅವರ ಕಸುಬು ಅದು."

"ಇದು ನನ್ನ ಕಸುಬು. ನನಗ ಬರ್ತೈತಿ, ಅದಕ್ಕ ಮಾಡ್ತೀನಿ. ಹೋಗಿ ಹಂಗ ಹೇಳು."

"ನಾ ಹೇಳಂಗಿಲ್ಲ. ಮಳಿಗಿ ಅವರದು, ಅಪ್ಪಾ! ಬಿಡು ಅಂದ್ರ ಎಲ್ಲಿ ಹೋಗ್ಲಿ? ನೀ ಒಳಗ ಕುಂದರೂದು ನೋಡು."

"ಇಲ್ಲ" ಎಂದರು ಮರಿಸ್ವಾಮಿ.

ಶಿವಕಾಂತ ಅರ್ಧ ಉಂಡು ಕೈ ತೊಳೆದ. ಅಂದಿನಿಂದ ಮೂರು ವಾರ ಅಪ್ಪ ಉಂಡೆದ್ದ ಮೇಲೆ ಮಗ ಊಟಕ್ಕೆ ಕೂತ. ಮರಿಸ್ವಾಮಿ ಒಳಗೆ ಹೋಗುವುದಿರಲಿ, ಗೋಣಿಚೀಲವನ್ನು ಗೋಡೆಯ ಮೂಲೆಯಿಂದ ಕಟ್ಟೆಯ ತುದಿಗೆ ಎಳೆದುಕೊಂಡರು. ಯಾರಾದರೂ "ಕೈ ಹೆಂಗೈತ್ರಿ" ಎಂದರೆ, "ನನಗ ರೋಗ ಇಲ್ಲ. ಹೆಣಿಯೂದು ಚೊಲೋ ಅನಿಸ್ತೈತಿ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು. ಜನ ನಂಬಲಿಲ್ಲ. ರೋಗವನ್ನು ಒಪ್ಪಿಕೊಳ್ಳದಿರುವುದೂ ರೋಗದ ಲಕ್ಷಣ ಎಂದುಕೊಂಡರು. ಮರಿಸ್ವಾಮಿಗೆ ಅದೇ ಹೆಚ್ಚು ಉರಿ ಎಬ್ಬಿಸಿತು.

ಶೇಖರಮ್ಮ ಯಾವ ಕಡೆಗೂ ಮಾತಾಡಲಿಲ್ಲ. ಒಂದು ದಿನ ಮಾತ್ರ, ಸಕೀನಾಬೀ ಕೊಟ್ಟ ಸೀಸೆಯನ್ನು ಎತ್ತಿ ಅಟ್ಟದ ಮೇಲಿಡುವಾಗ, "ನನ್ನ ಗಂಡಗ ಇಲ್ಲದ ಬ್ಯಾನಿ ಹಚ್ಚಿ ಕುಂತಾನ, ಶಾಣ್ಯಾ" ಎಂದು ಮಗನಿಗೆ ಕೇಳುವಂತೆ ಅಂದರು.

ಮೇ ಮೂವತ್ತಕ್ಕೆ ಹನ್ನೆರಡು ಗೊಂಬೆಗಳು ಮುಗಿದವು. ಹನ್ನೊಂದಕ್ಕೆ ಎಲ್ಲ ಉಡುಪೂ ಆಗಿತ್ತು, ಹನ್ನೆರಡನೆಯದರ ಒಂದು ಕಾಲುಚೀಲ ಉಳಿದಿತ್ತು. ಮರುದಿನ ಬೆಳಿಗ್ಗೆ ಸಿಂಧನೂರಿಗೆ ಹೊರಡಲು ಶೈಲಜಾ ಸ್ನಾನ ಮಾಡಿ ಬರುವಷ್ಟರಲ್ಲಿ ಗೊಂಬೆಗಳೆಲ್ಲ ಹಳೆಯ ಇಳಕಲ್ ಸೀರೆಯಲ್ಲಿ ಗಂಟಾಗಿ ಪಡಸಾಲೆಯಲ್ಲಿದ್ದವು.

"ಅತ್ತೀ, ನೀವು ಕಟ್ಟಿದ್ರೇನು?"

"ಮತ್ತ ಯಾರು? ಬಸ್ ತಪ್ಪೀತು, ನಡೀರಿ" ಎಂದು ಶೇಖರಮ್ಮ ಒಲೆಯ ಕಡೆ ತಿರುಗಿದರು. ಮಾವ, ಸೊಸೆ ಮುಖ ಮುಖ ನೋಡಿಕೊಂಡರು. ಇಷ್ಟು ದಿನ ಅತ್ತ ತಲೆ ಹಾಕದವರು ಇವತ್ತು ಗಂಟು ಕಟ್ಟಿದ್ದಾರೆಂದರೆ, ಎಲ್ಲ ಮನೆ ಬಿಟ್ಟು ತೊಲಗಲಿ ಎಂದೇ ಇರಬೇಕು ಎಂದುಕೊಂಡಳು ಶೈಲಜಾ.

ಬಸ್ಸಿನ ಡ್ರೈವರ್ ಬಾಬುಸಾಬ್, ಮರಿಸ್ವಾಮಿಯ ಕೈಕೆಳಗೆ ಪಳಗಿದವನು. ನೋಡಿದ ಕೂಡಲೇ ಮುಂದಿನ ಸೀಟು ಬಿಡಿಸಿಕೊಟ್ಟ.

"ಬರ್ರಿ ಸ್ವಾಮ್ಯಾರ. ಕೈ ಹೆಂಗೈತ್ರಿ? ಡಿಪೋದಾಗ ಸುದ್ದಿ ಕೇಳಿ ಎಲ್ಲಾರೂ ಹಳಹಳಿಸಿದ್ರು."

ಡಿಪೋಕ್ಕೂ ಮುಟ್ಟಿದೆ! ಮರಿಸ್ವಾಮಿಯ ಮುಖ ಕೆಂಪಾಯಿತು. ಅಂಗಿಯ ಜೇಬಿನಿಂದ ನಾಲ್ಕು ಕಡ್ಡಿ ತೆಗೆದರು, ಉಳಿದ ಕಾಲುಚೀಲ ತೆಗೆದರು.

"ಬಾಬು, ನಿನ್ನ ಗಾಡಿ ಎಷ್ಟು ಎತ್ತಿ ಒಗೀತೈತಿ ಒಗೀಲಿ. ಸಿಂಧನೂರು ಬರೂದ್ರಾಗ ಇದರಾಗ ಒಂದು ಕುಣಿಕಿ ಜಾರಿದ್ರ, ನನಗ ಲಕ್ವ ಹೊಡದೈತಿ ಅಂತ ನಾನ ಡಿಪೋಕ್ಕ ಬಂದು ಹೇಳ್ತೀನಿ."

ಬಸ್ಸು ಹೊರಟಿತು. ರಸ್ತೆ ಎಂದಿನ ರಸ್ತೆಯೇ. ತಗ್ಗಿಗೊಮ್ಮೆ ಇಳಿದು, ದಿಬ್ಬಕ್ಕೊಮ್ಮೆ ಎಗರಿದ ಬಸ್ಸಿನಲ್ಲಿ ಮೇಲಿನ ಸಾಮಾನುಗಳೆಲ್ಲ ಕುಣಿದವು. ಜನ ಸೀಟಿನಿಂದ ಕತ್ತು ಚಾಚಿ ನೋಡಿದರು. ಬಿಳಿ ಮೀಸೆಯ, ಹಣೆತುಂಬ ವಿಭೂತಿಯ ಮುದುಕ ಕೆಳಗೆ ನೋಡದೆ, ಗ್ಲಾಸಿನಾಚೆ ರಸ್ತೆಯನ್ನೇ ನೋಡುತ್ತ ಹೆಣೆಯುತ್ತಿದ್ದ. ತಗ್ಗು ಬರುವ ಮೊದಲೇ ಮರಿಸ್ವಾಮಿಯ ಕೈ ಅರೆಕ್ಷಣ ನಿಲ್ಲುತ್ತಿತ್ತು, ದಾಟಿದ ಮೇಲೆ ಮುಂದುವರಿಯುತ್ತಿತ್ತು. ಆ ರಸ್ತೆಯ ಪ್ರತಿ ತಗ್ಗೂ ಅವರಿಗೆ ಗೊತ್ತು. ಕೊಯ್ದ ಗದ್ದೆಗಳು, ನೀರು ನಿಂತ ಕಾಲುವೆ, ಅಕ್ಕಿ ಗಿರಣಿಗಳು ಕಂಡು ಸಿಂಧನೂರು ಬಂದಾಗ ಕಾಲುಚೀಲ ಮುಗಿದಿತ್ತು. ಬಾಬುಸಾಬ್ ಅದನ್ನು ಬೆರಳಿಗೆ ತೊಡಿಸಿಕೊಂಡು ತಿರುಗಿಸಿ ನೋಡಿದ.

"ಡಿಪೋದಾಗ ನಾ ಹೇಳ್ತೀನ್ರಿ" ಎಂದ.

ಶಾಲೆಯಲ್ಲಿ ಇನ್ನೂ ಬಣ್ಣದ ವಾಸನೆ. ಪದ್ಮಾವತಿ ಟೀಚರ್ ಚಾಪೆ ಹಾಸಿದರು. ಶೈಲಜಾ ಗಂಟು ಬಿಚ್ಚಿದವಳು ಹಾಗೇ ಕೂತುಬಿಟ್ಟಳು. ಹನ್ನೆರಡೂ ಗೊಂಬೆಗಳ ಎಡಗೆನ್ನೆಯ ಮೇಲೆ ಒಂದೊಂದು ಕಾಡಿಗೆಯ ಬೊಟ್ಟು. ದುಂಡಗೆ, ಕಪ್ಪಗೆ, ಎಣ್ಣೆ ಹೊಳೆಯುವ ಬೊಟ್ಟು.

"ಅಯ್ಯೋ ಶಿವನ" ಎಂದಳು. ಸೆರಗಿನ ತುದಿಯಿಂದ ಒಂದನ್ನು ಒರೆಸಿದಳು. ಅದು ಇನ್ನಷ್ಟು ಹರಡಿತು. ಎರಡು ತಿಂಗಳ ಕೆಲಸ. ಕಣ್ಣು ತುಂಬಿ ಬಂತು. "ಅತ್ತಿ ಹಾಳು ಮಾಡಿದ್ರಲ್ರೀ ಮಾವಾರ."

ಮರಿಸ್ವಾಮಿ ಒಂದು ಗೊಂಬೆ ಎತ್ತಿಕೊಂಡರು. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಾಟು ಬೋರಲು ಹಾಕಿ ಹಿಡಿದ ಕಾಡಿಗೆ, ಉಂಗುರದ ಬೆರಳಿನಿಂದ ಇಟ್ಟ ಬೊಟ್ಟು. ಶಿವಕಾಂತನ ಕೆನ್ನೆಗೆ ಇದೇ ಬೊಟ್ಟು ಇರುತ್ತಿತ್ತು, ಅವರು ಡ್ಯೂಟಿ ಮುಗಿಸಿ ಬಂದು ಮಲಗಿದ ಕೂಸನ್ನು ಬಗ್ಗಿ ನೋಡುವಾಗ. ಅಂಥ ಬೊಟ್ಟನ್ನು ಶೇಖರಮ್ಮ ಕೂಸುಗಳಿಗಲ್ಲದೆ ಬೇರೆ ಯಾರಿಗೂ ಇಟ್ಟವರಲ್ಲ.

"ಹಾಳು ಮಾಡಿಲ್ಲವ್ವಾ. ಮನಿ ಬಿಟ್ಟು ಹೊಂಟ ಕೂಸಿಗೆ ಮಂದಿ ಕಣ್ಣು ಬಿದ್ದು ನೆದರಾಗಬಾರ್ದು ಅಂತ ಇಟ್ಟಾಳ" ಎಂದರು.

ಪದ್ಮಾವತಿ ಟೀಚರ್ ಹುಬ್ಬು ಗಂಟಿಕ್ಕಿದರು. "ಅಲ್ರೀ, ಮುಖದ ಮ್ಯಾಲ ಮತ್ತೇನೂ ಇರಬಾರ್ದು ಅಂತ ಹೇಳಿದ್ನಿ. ತಲಿ ಅರಿವಿ ಬಿಚ್ಚಿ ಹೊಸಾದು ಹಾಕಿಕೊಡ್ರಿ. ಹದಿನೈದು ದಿನ ಕೊಡ್ತೀನಿ."

ಮರಿಸ್ವಾಮಿ ಗಂಟಿನ ಕಡೆ ಕೈ ಹಾಕಿದರು. "ಬ್ಯಾಡಂದ್ರ ಎಲ್ಲಾನೂ ಮನಿಗೆ ಒಯ್ತೀನಿ. ಆಕಿ ಇಟ್ಟ ಬೊಟ್ಟು ಬಿಚ್ಚಿಸಂಗಿಲ್ಲ ನಾ."

"ಮಾವಾರ, ತಡೀರಿ." ಶೈಲಜಾ ಕಣ್ಣೊರೆಸಿಕೊಂಡಳು. ಈ ಮನುಷ್ಯ ಮೂರು ವಾರ ಊರಿಗೆಲ್ಲ ಎದುರು ನಿಂತದ್ದನ್ನು ನೋಡಿದ್ದಳು. ಗೊಂಬೆ ಅವಳದು, ಮಾತೂ ಅವಳೇ ಆಡಬೇಕು. "ಟೀಚರ್, ಗೊಂಬಿ ನಗಬಾರ್ದು, ಅಳಬಾರ್ದು ಅಂದ್ರಿ. ಹಂಗ ಮಾಡೀನಿ. ಈ ಬೊಟ್ಟಿನ್ಯಾಗ ನಗೂ ಐತೇನ್ರಿ? ಅಳೂ ಐತೇನ್ರಿ? ನೀವು ಸಣ್ಣಾಕಿ ಇದ್ದಾಗ ನಿಮ್ಮ ಗಲ್ಲಕ್ಕ ಇದ್ದಿದ್ದಿಲ್ಲೇನು? ನಿಮ್ಮ ಸಾಲಿಗೆ ಬರೂ ಮಕ್ಕಳ ಗಲ್ಲ ನಾಳೆ ನೋಡ್ರಿ. ಎಲ್ಲಾಕೂ ಇರ್ತೈತಿ."

ಟೀಚರ್ ಒಂದು ಗೊಂಬೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಕಾಡಿಗಿ ಬಾಯಿಗೆ ಹೋಗತೈತಿ" ಎಂದರು. "ಮಕ್ಕಳು ಎಲ್ಲಾ ಚೀಪ್ತಾವ."

"ಅದು ಖರೆ ಮಾತು" ಎಂದಳು ಶೈಲಜಾ. "ಸಬಕಾರ ಕೊಡ್ರಿ. ಕರೀ ದಾರ ನನ್ನ ಹತ್ರ ಐತಿ."

ಸಾಬೂನಿಗೆ ಎಣ್ಣೆ ಹೋಯಿತು, ಮಸಿ ಕಲೆ ಉಳಿಯಿತು. ಆ ಕಲೆಯ ಮೇಲೆಯೇ ಶೈಲಜಾ ಕಪ್ಪು ದಾರದಲ್ಲಿ ಒತ್ತೊತ್ತಾಗಿ ದುಂಡನೆಯ ಬೊಟ್ಟು ಹೊಲಿದಳು. ಸಣ್ಣ ಕಣ್ಣಿನ ಸೂಜಿಗೆ ದಾರ ಪೋಣಿಸಿ ಪೋಣಿಸಿ ಕೊಟ್ಟವರು ಮರಿಸ್ವಾಮಿ. ಹನ್ನೆರಡು ಸಲ ಪೋಣಿಸಿದರು, ಒಮ್ಮೆಯೂ ಗುರಿ ತಪ್ಪಲಿಲ್ಲ.

"ಈ ಸಲ ಇರ್ಲಿ" ಎಂದರು ಪದ್ಮಾವತಿ ಟೀಚರ್, ಗೊಂಬೆಗಳನ್ನು ಗೂಡಿನಲ್ಲಿ ಕೂರಿಸುತ್ತ.

"ಮುಂದಿನ ಸಲಾನೂ ಹಿಂಗ ಬರ್ತಾವ್ರಿ" ಎಂದಳು ಶೈಲಜಾ.

ಸಂಜೆ ಮನೆ ಮುಟ್ಟಿದಾಗ ಶೇಖರಮ್ಮ ಬಾಗಿಲಲ್ಲೇ ಇದ್ದರು. ಕಾಲಿಗೆ ನೀರು ಕೊಟ್ಟು, ಚಹಾ ಕೊಟ್ಟು, ಆಮೇಲೆ ಕೇಳಿದರು.

"ತಗೊಂಡ್ರೇನು?"

"ಹನ್ನೆರಡೂ ಸಾಲಿಗೆ ಸೇರಿದ್ವು."

"ನೆದರಾಗ್ಲಿಲ್ಲಲ್ಲ?"

"ಬೊಟ್ಟಿತ್ತಲ್ಲ." ಮರಿಸ್ವಾಮಿ ಚಹಾದ ಬಟ್ಟಲು ಕೆಳಗಿಟ್ಟರು. "ಮಕ್ಕಳಿಗೆ ನೀ ಬೊಟ್ಟಿಡೂವಾಗ ನಾ ಬಸ್ಸಿನ್ಯಾಗ ಇದ್ನಿ. ಒಂದು ಸಲಾನೂ ನೋಡ್ಲಿಲ್ಲ. ತಪ್ಪಾತು."

ಶೇಖರಮ್ಮನಿಗೆ ನಲವತ್ತು ವರ್ಷದಲ್ಲಿ ಆ ಮಾತು ಕೇಳಿ ಗೊತ್ತಿರಲಿಲ್ಲ. "ಈಗ ಅಂತೀರಿ" ಎಂದರು. ಆದರೆ ಬಟ್ಟಲು ಎತ್ತಿಕೊಂಡು ಹೋದವರು ಅದನ್ನು ತುಂಬಿಸಿಕೊಂಡು ತಿರುಗಿ ಬಂದರು.

ಮರುದಿನ ಬೆಳಿಗ್ಗೆ ಓಣಿ ಒಂದು ಹೊಸ ನೋಟ ನೋಡಿತು. ಮರಿಸ್ವಾಮಿ ಕಟ್ಟೆಯ ತುದಿಯಲ್ಲಿ ನೀಲಿ ನೂಲಿನ ಉಂಡೆ ಸುತ್ತುತ್ತಿದ್ದರು. ಅವರ ಎದುರಿಗೆ, ಯಾವತ್ತೂ ಕಟ್ಟೆಗೆ ಬಂದು ಕೂರದ ಶೇಖರಮ್ಮ, ಎರಡೂ ಕೈ ಚಾಚಿ ಲಡಿ ಹಿಡಿದು ಕೂತಿದ್ದರು. ಶೈಲಜಾ ಹೊಸ್ತಿಲಲ್ಲಿ ಉಣ್ಣೆ ಹಿಂಜುತ್ತಿದ್ದಳು. ಶಿವಕಾಂತ ಬೈಕು ಹೊರಗೆ ತೆಗೆಯುವ ಹೊತ್ತಿಗೆ ಸರಿಯಾಗಿ ಅಮರಗುಂಡಪ್ಪನವರು ಬಂದರು.

"ಏನೋ ಶಿವಕಾಂತ, ಈಗ ನಿಮ್ಮವ್ವನ ಕೈಗೂ ಡಾಕ್ಟರ್ ಹೇಳ್ಯಾರೇನು?"

ಉಂಡೆ ಸುತ್ತುವ ಕೈ ನಿಂತಿತು. ಶಿವಕಾಂತ ಅಪ್ಪನನ್ನು ನೋಡಿದ. ಅವ್ವನನ್ನು ನೋಡಿದ. ಬೈಕಿನ ಹ್ಯಾಂಡಲ್ ಬಿಟ್ಟು ಸ್ಟ್ಯಾಂಡ್ ಹಾಕಿದ.

"ಡಾಕ್ಟರ್ ಯಾರಿಗೂ ಏನೂ ಹೇಳಿಲ್ರಿ. ನಮ್ಮಪ್ಪಗ ಲಕ್ವ ಇಲ್ಲ. ನಾಚಿಕಿ ಬಂದು ನಾ ಸುಳ್ಳು ಹೇಳಿದ್ನಿ."

"ಹಂಗಾರ ಮತ್ತ ಇದೇನು?" ಅಮರಗುಂಡಪ್ಪನವರ ದನಿ ಏರಿತು. "ಗಂಡಸು ಬೀದ್ಯಾಗ ಕುಂತು ಹೆಣಿಯೂದು, ಮನಿಮಂದಿ ಎಲ್ಲಾ ಸುತ್ತ ಕುಂತು..."

"ನಮ್ಮ ಮನಿ ಕೆಲಸ್ರೀ" ಎಂದರು ಶೇಖರಮ್ಮ. ಚಾಚಿದ ಕೈಗಳನ್ನು ಇಳಿಸಲಿಲ್ಲ. "ಭಾಳ ಐತಿ. ಶೈಲಜಾ, ಅಲ್ಲಿ ಕೆಂಪು ಲಡಿ ಒಂದು ಐತಿ ನೋಡು, ತಂದು ಕೊಡು. ಹಿರಿಯಾರು ದಿನಾ ಸುಮ್ಮನ ನಿಂದರ್ತಾರ. ಕುಂದರ್ರಿ, ಅಮರಗುಂಡಪ್ಪನೋರ. ಎರಡೂ ಕೈ ಹಿಂಗ ಮುಂದ ಮಾಡ್ರಿ."

ಶೈಲಜಾ ನಿಜಕ್ಕೂ ಕೆಂಪು ಲಡಿ ತಂದಳು. ಅಮರಗುಂಡಪ್ಪನವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಪೇಟೆಯ ಕಡೆ ನಡೆದರು.